ನೀತಿ ಮಾಡೋರು ರೋಣಕ್ಕೂ ಬರಲಿ

ಕುಲಾಂತರಿ ಬೀಜದ ಮಾತು ಬಂದರೆ ನಮ್ಮ ಕಡೆ ಎರಡು ಗುಂಪು. 'ಬ್ಯಾಡ ಅನ್ನೋರಿಗೆ ತಲಿ ಕೆಟ್ಟೈತಿ' ಅನ್ನೋರು ಒಂದು ಕಡೆ, 'ಅದು ವಿಷ, ಸುಡಬೇಕು' ಅನ್ನೋರು ಇನ್ನೊಂದು ಕಡೆ. ನಾನು ಎರಡೂ ಕಡೆ ಕುಂತು ಎದ್ದು ಬಂದವನು. ಬೀಜದ ಒಳಗೆ ಏನಿದೆ ಎಂಬ ಜಗಳ ವಿಜ್ಞಾನಿಗಳು ಆಡಲಿ. ಅದು ನಮ್ಮ ಹೊಲಕ್ಕೆ ಬರುವ ಮುಂಚೆ ನಮ್ಮನ್ನು ಯಾರು ಕೇಳಿದರು? ಮುಂದಿನ ವರ್ಷಕ್ಕೆ ಆ ಬೀಜ ನಮ್ಮ ಮನೆಯಲ್ಲಿ ಉಳಿಯುತ್ತದೋ ಇಲ್ಲವೋ? ನನ್ನ ತಕರಾರು ಇಷ್ಟೇ.

ಕೇಳದೆ ಮಾಡಿದ ತೀರ್ಮಾನ ಏನಾಗುತ್ತದೆ ಅಂತ ನರಗುಂದದವರಿಗೆ ಹೇಳಿಕೊಡಬೇಕಿಲ್ಲ. ಮಲಪ್ರಭಾ ಕಾಲುವೆ ನೀರು ಸರಿಯಾಗಿ ಮುಟ್ಟದ ಹೊಲಕ್ಕೂ ಅಭಿವೃದ್ಧಿ ಕರ ಬಂತು. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಗೋಲಿಬಾರ್ ಆಗಿ ರೈತರು ಸತ್ತರು. ರೈತ ಸಂಘ ರಾಜ್ಯದ ತುಂಬ ಹಬ್ಬಿದ್ದು ಆ ಸಿಟ್ಟಿನಿಂದ. ಮುಂದೆ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರು ಸಂಘವನ್ನು ಬೀಜದ ವಿಷಯಕ್ಕೆ ತಂದರು. 1992ರ ಡಿಸೆಂಬರಿನಲ್ಲಿ ಬೆಂಗಳೂರಿನ ಕಾರ್ಗಿಲ್ ಕಚೇರಿಗೆ ನುಗ್ಗಿ ಕಾಗದಪತ್ರ ಸುಟ್ಟರು. 1998ರ ನವೆಂಬರಿನಲ್ಲಿ ರಾಯಚೂರು ಜಿಲ್ಲೆಯಲ್ಲಿ ಬಿಟಿ ಹತ್ತಿಯ ಪ್ರಯೋಗದ ಬೆಳೆ ಕಿತ್ತು ಬೆಂಕಿ ಇಟ್ಟರು.

'ಸುಟ್ಟು ಏನ್ ಮಾಡಿದ್ರು?' ಅಂತ ಈಗಲೂ ಕೇಳುತ್ತಾರೆ. ಖರೇ ಮಾತು. 2002ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಬಿಟಿ ಹತ್ತಿಗೆ ಒಪ್ಪಿಗೆ ಕೊಟ್ಟಿತು. ಆಮೇಲೆ ನಾವೇ ಅಂಗಡಿ ಮುಂದೆ ಪಾಳಿ ಹಚ್ಚಿದೆವು. ಪಂಪು ಹೊತ್ತು ಹೊತ್ತು ಬೆನ್ನು ಬ್ಯಾನಿ ಬಂದವನಿಗೆ ಅದೆಂಥ ಆಸೆ ಅಂತ ಹೊತ್ತವನಿಗೇ ಗೊತ್ತು. ಮೊದಮೊದಲು ಕಾಯಿಕೊರಕಕ್ಕೆ ಎಣ್ಣಿ ಹೊಡೆಯೋದು ಕಡಿಮೆ ಆಗಿದ್ದೂ ಸುಳ್ಳಲ್ಲ.

450 ಗ್ರಾಂ ಪಾಕೀಟಿನ ಜೊತೆ 120 ಗ್ರಾಂ ಬಿಟಿ ಅಲ್ಲದ ಬೀಜ ಕೊಡುತ್ತಿದ್ದರು. ಹೊಲದ ಸುತ್ತ ಅದನ್ನು ಬಿತ್ತಿದರೆ ಹುಳ ಬಿಟಿಗೆ ಬೇಗ ಹೊಂದಿಕೊಳ್ಳೋದಿಲ್ಲ ಎಂಬ ಲೆಕ್ಕ. ನಾನು ಬಿತ್ತಲಿಲ್ಲ. ಇರೋದೇ ನಾಲ್ಕು ಎಕರೆ, ಅದರಾಗ ಹುಳಕ್ಕೆ ಪಾಲು ಕೊಡೋದು ಎಲ್ಲಿಂದ? ಯಾಕೆ ಬಿತ್ತಬೇಕು ಅಂತ ತಿಳಿಸಿ ಹೇಳಿದವರೂ ಇರಲಿಲ್ಲ. ಗುಜರಾತಿನಲ್ಲಿ ಗುಲಾಬಿ ಕಾಯಿಕೊರಕ ಮೊದಲ ಬಿಟಿಗೆ ಬಗ್ಗುತ್ತಿಲ್ಲ ಅಂತ 2010ರಲ್ಲಿ ಮಾನ್ಸಾಂಟೊ ಕಂಪನಿಯೇ ಒಪ್ಪಿತು. ಆಮೇಲೆ ಎರಡು ಜೀನಿನ ಬೋಲ್ಗಾರ್ಡ್-2 ಕೂಡ ಅದರ ಮುಂದೆ ಸೋತಿತು. ಈ ತಪ್ಪಿನಲ್ಲಿ ನಮ್ಮ ಪಾಲೂ ಐತಿ.

ಆದರೆ ಮೂಲದ ಪೆಟ್ಟು ಬೇರೆ. ನಮ್ಮಲ್ಲಿ ಬಿಟಿ ಬಂದದ್ದು ಹೈಬ್ರಿಡ್ ಹತ್ತಿಯೊಳಗೆ. ವರ್ಷಾ ದುಡ್ಡು ಕೊಟ್ಟೇ ತರಬೇಕು. ಮಳೆ ನಂಬಿದ ಎರಿ ಹೊಲದಲ್ಲಿ ಬೆಳೆಯುತ್ತಿದ್ದ ಜಯಧರ ಹತ್ತಿ ಹಂಗಲ್ಲ. ಎಳೆ ಗಿಡ್ಡ, ಇಳುವರಿ ಕಡಿಮೆ, ಪೇಟೆಯಲ್ಲಿ ಮರ್ಯಾದೆಯೂ ಕಡಿಮೆ. ಆದರೆ ರಸ ಹೀರುವ ಹುಳಕ್ಕೆ ಹೆದರೋದಿಲ್ಲ, ಬೀಜ ಮನೆಯಲ್ಲೇ ಇರುತ್ತದೆ. ಮಳೆ ಕೈಕೊಟ್ಟ ವರ್ಷ ಹೋಗೋದು ನಮ್ಮ ದುಡಿಮೆ ಮಾತ್ರ, ಸಾಲದ ಬೀಜವಲ್ಲ.

ಬಿಟಿಯನ್ನೂ ಹೀಗೇ ಮನೆಯಲ್ಲಿ ಇಟ್ಟುಕೊಳ್ಳಬಹುದು ಎಂಬ ಆಸೆ ಒಮ್ಮೆ ಹುಟ್ಟಿತ್ತು. ನಾಗಪುರದ ಹತ್ತಿ ಸಂಶೋಧನಾ ಸಂಸ್ಥೆ ಮತ್ತು ನಮ್ಮ ಧಾರವಾಡ ಕೃಷಿ ವಿಶ್ವವಿದ್ಯಾಲಯ ಸೇರಿ ಮಾಡಿದ ಬಿಕಾನೇರಿ ನರ್ಮಾ ಬಿಟಿ 2009ರಲ್ಲಿ ರೈತರ ಹೊಲಕ್ಕೆ ಬಂತು. ಸರ್ಕಾರದ ಬೀಜ, ಉಳಿಸಿಕೊಂಡು ಮತ್ತೆ ಬಿತ್ತುವಂಥದು. ಅದೇ ವರ್ಷದ ಕೊನೆಗೆ ನಿಂತೇ ಹೋಯಿತು. ಅದರಲ್ಲಿ ಮಾನ್ಸಾಂಟೊ ಜೀನೇ ಬೆರೆತಿದೆ ಎಂಬ ತಕರಾರು ಎದ್ದು, ಸೊಪೋರಿ ಸಮಿತಿ 2012ರಲ್ಲಿ ಅದನ್ನೇ ವರದಿಯಲ್ಲಿ ಬರೆಯಿತು. ವಿಜ್ಞಾನಿಗಳ ಎಡವಟ್ಟಿನ ಬಗ್ಗೆ ಬೇಕಾದಷ್ಟು ಚರ್ಚೆ ಆಯಿತು. ಉಳಿಸಿ ಬಿತ್ತುವ ಬೀಜ ನಮಗೆ ಮತ್ತೆ ಯಾವಾಗ ಅಂತ ಕೇಳಿದವರು ಕಡಿಮೆ.

ಬಿಟಿ ಬದನೆ ಬಂದಾಗ ಮಾತ್ರ ಕೇಳುವ ಶಾಸ್ತ್ರ ನಡೆಯಿತು. ಸಚಿವ ಜೈರಾಮ್ ರಮೇಶ್ ದೇಶದ ಏಳು ಊರುಗಳಲ್ಲಿ ಸಭೆ ಕರೆದರು. ಕೊನೆಯದು 2010ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲಿ. ಮೂರು ದಿನದಲ್ಲಿ ಬದನೆಗೆ ತಡೆ ಬಿತ್ತು. ಕೇಳಿದರೆ ನಡೆಯುತ್ತದೆ ಅನ್ನೋದಕ್ಕೆ ಇದೇ ಸಾಕ್ಷಿ. ಆದರೆ ರೋಣದಿಂದ ಬೆಂಗಳೂರಿಗೆ ರಾತ್ರಿಯಿಡೀ ಬಸ್ಸು, ಎರಡು ದಿನದ ಕೂಲಿ ಹೊಡೆತ. ಹೋಗೋರು ಯಾರು? ಸಂಘದವರು, ಸಂಸ್ಥೆಯವರು ಹೋದರು, ನಮ್ಮ ಪರವಾಗಿಯೇ ಮಾತಾಡಿದರು. ಅವರಿಗೆ ಶರಣು. ಆದರೂ ನಮ್ಮ ಮಾತು ನಾವು ಆಡೋದು ಬೇರೆ.

2024ರ ಜುಲೈ 23ರಂದು ಕುಲಾಂತರಿ ಸಾಸಿವೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ತೀರ್ಪು ಒಂದಾಗಲಿಲ್ಲ. ಆದರೆ ಕುಲಾಂತರಿ ಬೆಳೆಗಳಿಗೆ ರಾಷ್ಟ್ರೀಯ ನೀತಿ ಬೇಕು, ಅದಕ್ಕೆ ರೈತರ ಪ್ರತಿನಿಧಿಗಳನ್ನೂ ಕೇಳಬೇಕು ಎಂಬುದನ್ನು ಇಬ್ಬರೂ ಒಪ್ಪಿದರು. ಆ ಕೇಳುವಿಕೆ ತಾಲ್ಲೂಕಿಗೆ ಬರಲಿ, ಕನ್ನಡದಲ್ಲಿ ನಡೆಯಲಿ, ಸುಗ್ಗಿ ಮುಗಿದ ಮೇಲೆ ನಡೆಯಲಿ. ನರಗುಂದದ ಕಾಲುವೆ ಹೊಲದವನಿಗೆ ಬೇಕಾದ್ದು ಬೇರೆ, ರೋಣದ ಎರಿಯವನಿಗೆ ಬೇರೆ, ಗಜೇಂದ್ರಗಡದ ಗುಡ್ಡದ ಬುಡದ ಮಸಾರಿಯವನಿಗೆ ಬೇರೆ.

ಅಲ್ಲಿಯ ತನಕ ಕುಂತಿರಬೇಕಿಲ್ಲ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಊರಿನ ಬೀಜ, ಗಿಡ, ದನಗಳ ದಾಖಲೆ ಪುಸ್ತಕ ಪಂಚಾಯ್ತಿ ಮಟ್ಟದಲ್ಲಿ ಇರಬೇಕು. ನಾನು ಹೋಗಿ ಕೇಳಿದೆ. ಬೀರುವಿನ ಕೀಲಿ ಸಿಗಲು ಎರಡು ವಾರ ಹಿಡಿಯಿತು. ಪುಸ್ತಕದಲ್ಲಿ 'ಜೋಳ' ಅಂತ ಒಂದೇ ಶಬ್ದ. ಪಂಚಮಿಗೆ ಅಳ್ಳು ಹುರಿಯುವ ಅಳ್ಳಿನ ಜೋಳವನ್ನು ನಮ್ಮ ಅತ್ತಿ ಈಗಲೂ ಬೂದಿ ಹಚ್ಚಿ ಗಡಿಗೆಯಲ್ಲಿ ಇಟ್ಟಾಳ. ಕಡುಬಿನ ಜೋಳ ಪಕ್ಕದ ಓಣಿಯಲ್ಲಿ ಐತಿ. ಎರಡನ್ನೂ ಬರೆಸಿ ಬಂದೆ. ಜಯಧರದ ಬೀಜ ಇಟ್ಟವರು ನಮ್ಮೂರಲ್ಲಿ ಸಿಗಲಿಲ್ಲ. ನಿಮ್ಮಲ್ಲಿ ಇದ್ದರೆ ಒಂದು ಸೇರು ಬೇಕಾಗಿತ್ತು.