ಅನ್ನದ ಬಟ್ಟಲಿನಿಂದ ಪೆಟ್ರೋಲ್ ಟ್ಯಾಂಕಿಗೆ

ನಮ್ಮ ಕರಾವಳಿಯ ಕುಚ್ಚಲಕ್ಕಿ ಮಿಲ್ಲುಗಳಲ್ಲಿ ಹಿಂದಿನಿಂದಲೂ ಒಂದು ಅಲಿಖಿತ ನಿಯಮವಿದೆ. ಉಮಿ ಬೆಂಕಿಗೆ, ಅಕ್ಕಿ ಬಟ್ಟಲಿಗೆ. ಭತ್ತವನ್ನು ಬೇಯಿಸುವ ಬಾಯ್ಲರಿಗೆ ಅದೇ ಭತ್ತದ ಉಮಿಯೇ ಇಂಧನ. ಗೇರುಬೀಜದ ಕಾರ್ಖಾನೆಗಳಲ್ಲೂ ಅಷ್ಟೆ, ಸಿಪ್ಪೆ ಉರಿಯುತ್ತದೆ, ತಿರುಳು ಉಳಿಯುತ್ತದೆ. ನವೀಕರಿಸಬಹುದಾದ ಇಂಧನ ಎಂಬ ಪದವು ಮಂತ್ರಿಗಳ ಭಾಷಣದಲ್ಲಿ ಕಾಣಿಸಿಕೊಳ್ಳುವುದಕ್ಕಿಂತ ಬಹಳ ಮೊದಲೇ ಇಲ್ಲಿನ ಉದ್ಯಮಗಳು ಅದನ್ನು ಬಳಸುತ್ತಿದ್ದವು. ಇದೀಗ ಈ ನಿಯಮವನ್ನೇ ತಲೆಕೆಳಗು ಮಾಡಿದ ನೀತಿಯೊಂದು ದೇಶದಲ್ಲಿ ಜಾರಿಯಲ್ಲಿದೆ. ಅದಕ್ಕೆ ಹಸಿರು ಬಣ್ಣ ಬಳಿಯಲಾಗಿದೆ. ಆದ್ದರಿಂದಲೇ ಅದನ್ನು ಪ್ರಶ್ನಿಸುವವರ ಸಂಖ್ಯೆ ಕಡಿಮೆ.

ಬೆಂಗಳೂರಿನ ಹೆದ್ದಾರಿಯೂ ಬೆಳ್ತಂಗಡಿ-ಚಾರ್ಮಾಡಿಯ ಹೆದ್ದಾರಿಯೂ ಕವಲೊಡೆಯುವ ಬಿ.ಸಿ.ರೋಡ್‌ನಲ್ಲಿ ಬೆಳಗ್ಗೆ ಪೆಟ್ರೋಲ್ ತುಂಬಿಸಲು ನಿಲ್ಲುವವರು ಯಾರು? ಮೀನು ಮಾರಲು ಹೊರಟ ಸ್ಕೂಟರ್ ಸವಾರ, ಅಂಗಡಿ ಕೆಲಸಕ್ಕೆ ಧಾವಿಸುವ ಪಾಣೆಮಂಗಳೂರಿನ ಯುವಕ, ಮಕ್ಕಳನ್ನು ಶಾಲೆಗೆ ಬಿಡಲು ಬಂದ ತಂದೆ. ಇವರು ಐದು ಲೀಟರ್ ಪೆಟ್ರೋಲ್ ತುಂಬಿಸಿದರೆ ಅದರಲ್ಲಿ ಒಂದು ಲೀಟರ್ ಎಥನಾಲ್. ಶೇ. 20ರಷ್ಟು ಎಥನಾಲ್ ಬೆರೆಸಿದ ಈ ಇ20 ಪೆಟ್ರೋಲನ್ನು ಪ್ರಧಾನಿಯವರು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಗೊಳಿಸಿದ್ದರು. 2030ಕ್ಕೆ ತಲುಪಬೇಕಿದ್ದ ಗುರಿಯನ್ನು 2025ರಲ್ಲೇ ತಲುಪಿದ್ದೇವೆಂದು ಸರಕಾರ ಬೆನ್ನು ತಟ್ಟಿಕೊಂಡಿತು. ಎಥನಾಲ್ ಕಬ್ಬಿನಿಂದಲೂ ಬರುತ್ತದೆ, ಮೆಕ್ಕೆಜೋಳದಿಂದಲೂ ಬರುತ್ತದೆ, ಭಾರತೀಯ ಆಹಾರ ನಿಗಮದ ಗೋದಾಮಿನ ಅಕ್ಕಿಯಿಂದಲೂ ಬರುತ್ತದೆ. ಒಂದು ಕಿಲೋ ಅಕ್ಕಿಯಿಂದ ಸಿಗುವುದು ಅರ್ಧ ಲೀಟರಿಗೂ ಕೊಂಚ ಕಡಿಮೆ. ಅಂದರೆ ಆ ಒಂದು ಲೀಟರ್ ಅಕ್ಕಿಯದ್ದಾಗಿದ್ದರೆ ಎರಡು ಕಿಲೋಗೂ ಮಿಕ್ಕಿದ ಅಕ್ಕಿ ಆ ಟ್ಯಾಂಕಿನೊಳಗಿದೆ.

ಇ20 ಬಿಡುಗಡೆಯಾದ ನಾಲ್ಕೇ ತಿಂಗಳಲ್ಲಿ, ಅಂದರೆ 2023ರ ಜೂನ್‌ನಲ್ಲಿ ಏನಾಯಿತೆಂಬುದನ್ನು ಕರ್ನಾಟಕದ ಜನತೆ ಮರೆತಿರಲಾರರು. ಅನ್ನಭಾಗ್ಯ ಯೋಜನೆಯ ಹೆಚ್ಚುವರಿ ಐದು ಕಿಲೋಗಾಗಿ ರಾಜ್ಯ ಸರಕಾರ ತಿಂಗಳಿಗೆ 2.28 ಲಕ್ಷ ಟನ್ ಅಕ್ಕಿ ಕೇಳಿತು. ದಾನವಾಗಿ ಅಲ್ಲ, ಕಿಲೋಗೆ 34 ರೂ. ಕೊಟ್ಟು. ಆಹಾರ ನಿಗಮ ಒಪ್ಪಿದ ಮರುದಿನವೇ ರಾಜ್ಯಗಳಿಗೆ ಮಾರಾಟ ನಿಲ್ಲಿಸುವ ಆದೇಶ ಕೇಂದ್ರದಿಂದ ಬಂತು. ಆಗ ಡಿಸ್ಟಿಲರಿಗಳಿಗೆ ಎಥನಾಲ್‌ಗಾಗಿ ಅದೇ ಗೋದಾಮಿನ ಅಕ್ಕಿಯ ದರ ಎಷ್ಟಿತ್ತು? ಕಿಲೋಗೆ 20 ರೂ. ಹಸಿದವನ ಪರವಾಗಿ 34 ರೂ. ಹಿಡಿದು ಬಂದವನಿಗೆ ಇಲ್ಲ, ಯಂತ್ರದ ಪರವಾಗಿ 20 ರೂ. ಹಿಡಿದು ಬಂದವನಿಗೆ ಇದೆ! ಟೀಕೆ ವ್ಯಕ್ತವಾಯಿತು, ಮಳೆಯ ಕೊರತೆಯ ಭಯವೂ ಇತ್ತು, ಮುಂದಿನ ತಿಂಗಳು ಡಿಸ್ಟಿಲರಿಗಳಿಗೂ ಅಕ್ಕಿ ನಿಂತಿತು. ಆದರೆ ಅಷ್ಟರಲ್ಲಿ ಕರ್ನಾಟಕದ ಬಡವನಿಗೆ ಅಕ್ಕಿಯ ಬದಲು ತಲಾ 170 ರೂ. ನಗದು ಎಂದು ತೀರ್ಮಾನವಾಗಿತ್ತು. ಮತ್ತೆ ಅಕ್ಕಿಯನ್ನೇ ಕೊಡುವ ನಿರ್ಧಾರವಾಗಲು 2025ರ ಫೆಬ್ರವರಿ ಬರಬೇಕಾಯಿತು.

ಆ ವೇಳೆಗೆ ಡಿಸ್ಟಿಲರಿಗಳ ಬಾಗಿಲಿಗೂ ಅಕ್ಕಿ ಮರಳಿ ಬಂದಿತ್ತು. 2025ರ ಜನವರಿಯಲ್ಲಿ ಕಿಲೋಗೆ 22.50 ರೂ. ದರ ನಿಗದಿಯಾಯಿತು. ರಾಜ್ಯಗಳಿಗೂ ಅದೇ ದರ ಎಂಬುದನ್ನು ಪ್ರಾಮಾಣಿಕವಾಗಿ ಹೇಳಲೇಬೇಕು. ಆದರೆ ಪ್ರಮಾಣ ನೋಡಿ. ರಾಜ್ಯಗಳಿಗೆ 12 ಲಕ್ಷ ಟನ್, ಎಥನಾಲ್‌ಗೆ 24 ಲಕ್ಷ ಟನ್. ಕೆಲವೇ ತಿಂಗಳಲ್ಲಿ ಎಥನಾಲ್‌ನ ಪಾಲು 52 ಲಕ್ಷ ಟನ್‌ಗೆ ಏರಿತು. ಅನ್ನಭಾಗ್ಯಕ್ಕೆ ಕರ್ನಾಟಕ ಕೇಳಿದ್ದ ಅಕ್ಕಿಯ ಲೆಕ್ಕದಲ್ಲಿ ಇದು ಸುಮಾರು 23 ತಿಂಗಳ ಪಾಲು. ಖರೀದಿ, ಸಾಗಣೆ, ದಾಸ್ತಾನು ಎಲ್ಲ ಸೇರಿ ನಿಗಮಕ್ಕೆ ಒಂದು ಕಿಲೋ ಅಕ್ಕಿ ಬೀಳುವುದು ಸುಮಾರು 40 ರೂ.ಗೆ. ಉಳಿದ ಹದಿನೇಳೂವರೆ ರೂಪಾಯಿಯನ್ನು ತೆರುವವರು ಯಾರು? ಬಡವನಿಗೆ ಕೊಟ್ಟರೆ ಅದರ ಹೆಸರು ಬಿಟ್ಟಿ ಭಾಗ್ಯ, ಉದ್ಯಮಿಗೆ ಕೊಟ್ಟರೆ ಪ್ರೋತ್ಸಾಹ.

ಗೋದಾಮು ತುಂಬಿ ತುಳುಕುತ್ತಿದೆ, ಕೊಳೆಯುವುದಕ್ಕಿಂತ ಇಂಧನವಾಗುವುದು ಲೇಸಲ್ಲವೇ ಎಂದು ಸಮರ್ಥಕರು ಕೇಳುತ್ತಾರೆ. ಇಷ್ಟಕ್ಕೂ ಈ 'ಹೆಚ್ಚುವರಿ' ಎಂಬುದು ಹುಟ್ಟುವುದು ಹೇಗೆ? ಆಹಾರ ಭದ್ರತಾ ಕಾಯ್ದೆಯ ಫಲಾನುಭವಿಗಳ ಮಿತಿ ನಿಂತಿರುವುದು 2011ರ ಜನಗಣತಿಯ ಮೇಲೆ. 2021ರ ಜನಗಣತಿ ಆ ವರ್ಷ ನಡೆಯಲೇ ಇಲ್ಲ. ಎಣಿಕೆಗೆ ಸಿಗದವನಿಗೆ ಪಡಿತರ ಚೀಟಿಯಿಲ್ಲ, ಚೀಟಿಯಿಲ್ಲದವನ ಪಾಲು ಗೋದಾಮಿನಲ್ಲಿ ಹೆಚ್ಚುವರಿ! ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.5 ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು ಎಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೇ ಹೇಳಿರುವ ದೇಶ ಇದು. ಅಂದಹಾಗೆ, ನಿಗಮದ ಅಕ್ಕಿಯನ್ನು ಎಥನಾಲ್‌ಗೆ ಬಳಸಲು ಒಪ್ಪಿಗೆ ದೊರೆತದ್ದು ಯಾವಾಗ ಗೊತ್ತೇ? 2020ರ ಏಪ್ರಿಲ್‌ನಲ್ಲಿ. ವಲಸೆ ಕಾರ್ಮಿಕರು ಬರಿಹೊಟ್ಟೆಯಲ್ಲಿ ಹೆದ್ದಾರಿಗಳಲ್ಲಿ ನಡೆಯುತ್ತಿದ್ದ ಲಾಕ್‌ಡೌನ್‌ನ ದಿನಗಳಲ್ಲಿ.

ಆಹಾರಧಾನ್ಯದಿಂದ ಇಂಧನ ಬೇಡ ಎಂದು ಜಗತ್ತಿಗೆ ಹೇಳಿದ್ದ ದೇಶವೂ ಇದೇ. 2007ರಲ್ಲಿ ಮೆಕ್ಸಿಕೋದ ಬಡವರು ಜೋಳದ ರೊಟ್ಟಿಯ ಬೆಲೆ ಏರಿತೆಂದು ಬೀದಿಗಿಳಿದಾಗ, ಅಮೆರಿಕವು ಜೋಳವನ್ನು ಎಥನಾಲ್ ಮಾಡುತ್ತಿದ್ದುದೂ ಚರ್ಚೆಯಾಗಿತ್ತು. ಅದೇ ವರ್ಷ ವಿಶ್ವಸಂಸ್ಥೆಯ ಆಹಾರದ ಹಕ್ಕಿನ ವಿಶೇಷ ವರದಿಗಾರ ಜೀನ್ ಝೀಗ್ಲರ್ ಇದನ್ನು ಮಾನವತೆಯ ವಿರುದ್ಧದ ಅಪರಾಧವೆಂದು ಕರೆದರು. 2009ರ ನಮ್ಮ ರಾಷ್ಟ್ರೀಯ ಜೈವಿಕ ಇಂಧನ ನೀತಿಯು ಆಹಾರೇತರ ಕಚ್ಚಾವಸ್ತುಗಳನ್ನು ಮಾತ್ರ ಬಳಸುವುದಾಗಿ ಸ್ಪಷ್ಟವಾಗಿ ಬರೆದುಕೊಂಡಿತ್ತು. ಕರ್ನಾಟಕವಂತೂ ಹೊಂಗೆ, ಬೇವು, ಹಿಪ್ಪೆಗಳ ಎಣ್ಣೆಯನ್ನು ನೆಚ್ಚಿ ತನ್ನದೇ ಜೈವಿಕ ಇಂಧನ ನೀತಿಯನ್ನು ರೂಪಿಸಿತ್ತು. 2018ರ ಹೊಸ ನೀತಿ ಆ ಬಾಗಿಲನ್ನು ಮೊದಲು ಹಾಳಾದ ಧಾನ್ಯಕ್ಕೆ ತೆರೆಯಿತು, ಆಮೇಲೆ ಹೆಚ್ಚುವರಿ ಧಾನ್ಯಕ್ಕೆ.

ವಿದೇಶಿ ವಿನಿಮಯ ಉಳಿಯುತ್ತದೆ ಎಂಬುದು ಸುಳ್ಳಲ್ಲ. ಲಕ್ಷ ಕೋಟಿ ರೂಪಾಯಿಗೂ ಮಿಕ್ಕಿ ಉಳಿದಿದೆ ಎಂದು ಸರಕಾರ ಹೇಳುತ್ತಿದೆ. (ಕೊಲ್ಲಿಯ ತೈಲದಿಂದಲೇ ಸೂರು ಕಂಡ ಮನೆಗಳು ನಮ್ಮ ಊರುಗಳಲ್ಲಿ ಕಡಿಮೆಯೇನಿಲ್ಲ. ಹಾಗೆಂದು ತೈಲಾವಲಂಬನೆ ಕಡಿಮೆಯಾಗುವುದನ್ನು ನಾವು ವಿರೋಧಿಸಬೇಕಾಗಿಲ್ಲ.) ಉಳಿದದ್ದರಲ್ಲಿ ಸ್ಕೂಟರ್ ಸವಾರನ ಪಾಲೆಷ್ಟು ಎಂಬುದೇ ಪ್ರಶ್ನೆ. ಎಥನಾಲ್‌ನ ಶಾಖಶಕ್ತಿ ಪೆಟ್ರೋಲಿನ ಮೂರನೇ ಎರಡರಷ್ಟು ಮಾತ್ರ. ಇ20ಕ್ಕೆ ಸಿದ್ಧವಾಗಿರದ ಹಳೆಯ ವಾಹನಗಳ ಮೈಲೇಜ್ ಶೇ. 3ರಿಂದ 6ರಷ್ಟು ಇಳಿಯಬಹುದೆಂದು ಪೆಟ್ರೋಲಿಯಂ ಸಚಿವಾಲಯವೇ 2025ರ ಆಗಸ್ಟ್‌ನಲ್ಲಿ ಒಪ್ಪಿಕೊಂಡಿತು. ದರ ಮಾತ್ರ ಇಳಿಯಲಿಲ್ಲ. ಎಥನಾಲ್ ಖರೀದಿ ದರವೇ ಪೆಟ್ರೋಲಿಗಿಂತ ದುಬಾರಿಯಾಗಿದೆ ಎಂಬ ಸಬೂಬು ಬಂತು. ಹೊಸ ವಾಹನ ಕೊಳ್ಳಬಲ್ಲವನಿಗೆ ನಷ್ಟ ಕಡಿಮೆ, ಹತ್ತು ವರ್ಷ ಹಳೆಯ ಸ್ಕೂಟರಿನಲ್ಲಿ ಮೀನು ಮಾರುವವನಿಗೆ ನಷ್ಟ ಹೆಚ್ಚು. ಬ್ರೆಜಿಲ್‌ನಲ್ಲಿ ಎಥನಾಲ್‌ಗೆ ಬಂಕಿನಲ್ಲಿ ಪ್ರತ್ಯೇಕ ದರವಿದೆ, ಅಗ್ಗವೆನಿಸಿದರಷ್ಟೇ ಜನ ಅದನ್ನು ತುಂಬಿಸುತ್ತಾರೆ. ಇಲ್ಲಿ ಅಂತಹ ಆಯ್ಕೆಯನ್ನು ಕೋರಿದ ಅರ್ಜಿಯನ್ನು ಸುಪ್ರೀಂ ಕೋರ್ಟು 2025ರ ಸೆಪ್ಟೆಂಬರ್‌ನಲ್ಲಿ ತಳ್ಳಿಹಾಕಿತು.

ರೈತನ ಹೆಸರನ್ನು ಕೊನೆಯ ಅಸ್ತ್ರವಾಗಿ ಬಳಸಲಾಗುತ್ತದೆ. 2024ರಲ್ಲಿ ಎಥನಾಲ್‌ನ ಬೇಡಿಕೆಯಿಂದಾಗಿ ಮೆಕ್ಕೆಜೋಳ ದುಬಾರಿಯಾಗಿ, ಕೋಳಿ ಆಹಾರಕ್ಕೂ ತತ್ವಾರವಾಗಿ, ವಿದೇಶದಿಂದ ತರಿಸಬೇಕಾಯಿತು. 2025ರ ನವೆಂಬರ್‌ನಲ್ಲಿ ಅದೇ ಮೆಕ್ಕೆಜೋಳ 2,400 ರೂ. ಬೆಂಬಲ ಬೆಲೆಗಿಂತ ಬಹಳ ಕೆಳಗೆ ಕುಸಿದಾಗ ಉತ್ತರ ಕರ್ನಾಟಕದ ರೈತ ಬೀದಿಗಿಳಿದ. ಇ20 ಪೂರ್ಣಗೊಂಡ ವರ್ಷದಲ್ಲೇ ಹೀಗಾದರೆ ಲಾಭ ಹೋದದ್ದೆಲ್ಲಿಗೆ?

ಬದಲಿ ದಾರಿ ಇಲ್ಲದಿಲ್ಲ. ಭತ್ತದ ಹುಲ್ಲಿನಿಂದ ಎಥನಾಲ್ ತೆಗೆಯುವ ಘಟಕ ಪಾಣಿಪತ್‌ನಲ್ಲಿ 2022ರಲ್ಲೇ ಉದ್ಘಾಟನೆಯಾಗಿದೆ. ಹೋಟೆಲುಗಳ ಕರಿದ ಎಣ್ಣೆಯಿಂದ ಬಯೋಡೀಸೆಲ್ ಆಗುತ್ತದೆ. ಇವು ದುಬಾರಿ ಮತ್ತು ನಿಧಾನ ಎನ್ನುವುದಾದರೆ, ಕಿಲೋಗೆ ಹದಿನೇಳೂವರೆ ರೂಪಾಯಿಯ ಆ ಔದಾರ್ಯವನ್ನು ಅವುಗಳತ್ತ ತಿರುಗಿಸಲಿ. ಆಹಾರ ನಿಗಮದ ಅಕ್ಕಿಯನ್ನು ಮೊದಲು ರಾಜ್ಯಗಳಿಗೆ ಕೊಡಲಿ, ಅವು ಬೇಡವೆಂದ ಮೇಲಷ್ಟೇ ಇತರರ ಮಾತು. ಹಳೆಯ ವಾಹನದವನಿಗೆ ಬಂಕಿನಲ್ಲಿ ಇ10 ಪೆಟ್ರೋಲ್ ಸಿಗಲಿ, ಇ20ರ ದರ ಅದರ ಶಕ್ತಿಗೆ ತಕ್ಕಂತೆ ಇಳಿಯಲಿ. ನಮ್ಮ ಜಿಲ್ಲೆಯ ಸಂಸದರಾಗಲಿ ಶಾಸಕರಾಗಲಿ ಮತ ಕೇಳಲು ಮನೆಬಾಗಿಲಿಗೆ ಬಂದಾಗ, ರಸ್ತೆ ಮತ್ತು ಚರಂಡಿಯ ಜೊತೆಗೆ ಇದನ್ನೂ ಕೇಳೋಣ.