ಘೋರಶೃಂಗಾರ ವಿಚಾರ

ಇಂಗ್ಲೀಷಿನಲ್ಲಿ ‘ಡಾರ್ಕ್ ರೊಮಾನ್ಸ್’ ಎಂದು ಕರೆಯಿಸಿಕೊಳ್ಳುವ ಒಂದು ಜಾತಿಯ ಕಾದಂಬರಿಗಳು ಈಚಿನ ವರ್ಷಗಳಲ್ಲಿ ನಮ್ಮ ಪಟ್ಟಣಗಳ ಪುಸ್ತಕದಂಗಡಿಗಳಿಗೂ, ಕಾಲೇಜಿಗೆ ಹೋಗುವ ಹೆಣ್ಣುಮಕ್ಕಳ ಕೈಚೀಲಗಳಿಗೂ, ಅವರ ಮೊಬೈಲುಗಳಿಗೂ ಬಂದು ಸೇರಿರುವುದು ವಾಚಕರಿಗೆ ತಿಳಿಯದ ವಿಷಯವಲ್ಲ. ಇವುಗಳಲ್ಲಿ ನಾಯಕನಾದವನು ಕ್ರೂರಿ, ಘಾತುಕ ಅಥವಾ ಅಪಹಾರಕ. ನಾಯಿಕೆಯಾದವಳು ಅವನಿಗೆ ಅಂಜುವವಳು, ಅಂಜುತ್ತಲೇ ಅವನಿಗೆ ಒಲಿಯುವವಳು. ಭಯವೂ ರತಿಯೂ ಒಂದೇ ಪಾತ್ರೆಯಲ್ಲಿ ಬೆರೆತಿರುವ ಈ ಕಥೆಗಳನ್ನು ನಾವು ‘ಘೋರಶೃಂಗಾರ’ವೆಂದು ಕರೆಯುವೆವು.

ಇವುಗಳ ವಿಷಯದಲ್ಲಿ ನಮ್ಮ ಗೃಹಸ್ಥರಲ್ಲಿ ಎರಡು ಪಕ್ಷಗಳುಂಟು. ‘ಇಂತಹ ಗ್ರಂಥಗಳು ಕುಲಸ್ತ್ರೀಯರ ಬುದ್ಧಿಯನ್ನು ಕೆಡಿಸುವುವು, ಕಂಡಲ್ಲಿ ಕಿತ್ತುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕತಕ್ಕದ್ದು’ ಎಂಬುದು ಹಿರಿಯರ ಪಕ್ಷ. ‘ಕಥೆ ಕಥೆಯೇ ಹೊರತು ಬೇರೆಯಲ್ಲ, ಕಾಲಕ್ಷೇಪಕ್ಕಾಗಿ ಓದುವುದನ್ನು ಕುರಿತು ವಿಚಾರವೇಕೆ?’ ಎಂಬುದು ಕಿರಿಯರ ಪಕ್ಷ. ಈ ಇಬ್ಬರೂ ಪರಸ್ಪರ ಶತ್ರುಗಳೆಂದು ತೋರಿದರೂ ಒಂದೇ ತಪ್ಪನ್ನು ಮಾಡುತ್ತಿದ್ದಾರೆಂದು ನಿರೂಪಿಸುವುದೇ ಈ ಲೇಖನದ ಉದ್ದೇಶ.

ಮೊದಲು ಹಿರಿಯರ ಪಕ್ಷವನ್ನು ನೋಡೋಣ. ತಂದೆಯಾದವನು ಪತ್ತೇದಾರಿ ಕಾದಂಬರಿಗಳಲ್ಲಿ ವಾರಕ್ಕೆ ನಾಲ್ಕು ಕೊಲೆಗಳನ್ನು ಓದಿ ಮುಗಿಸುವನು. ಅವನು ಕೊಲೆಗಾರನಾಗುವನೆಂದು ಯಾರೂ ಹೆದರರು. ಮಗಳು ಒಂದು ಪ್ರಣಯಕಥೆಯನ್ನು ಓದಿದರೆ ಮಾತ್ರ ಮನೆಯ ಮಾನ ಹೋಗುವುದಂತೆ! ಗಂಡಸಿಗೆ ಕಥೆಗೂ ಬಾಳಿಗೂ ಇರುವ ಭೇದ ತಿಳಿಯುವುದು, ಹೆಂಗಸಿಗೆ ತಿಳಿಯದು ಎಂಬ ಈ ತರ್ಕಕ್ಕೆ ಯಾವ ಪ್ರಮಾಣವಿದೆ? ನಾವು ಪಾಠಶಾಲೆಯಲ್ಲಿ ಓದುತ್ತಿದ್ದಾಗ ಕುಮಾರಸಂಭವದ ಎಂಟನೆಯ ಸರ್ಗ ಬಂದೊಡನೆ ಗುರುಗಳು ಪುಸ್ತಕವನ್ನು ಮುಚ್ಚಿಸುತ್ತಿದ್ದರು. ವಿದ್ಯಾರ್ಥಿಗಳು ಮೊದಲು ಕಂಠಸ್ಥ ಮಾಡಿದ್ದು ಆ ಸರ್ಗವನ್ನೇ. ಅರ್ಥವನ್ನು ಮಾತ್ರ ಯಾರನ್ನೂ ಕೇಳುವಂತಿರಲಿಲ್ಲ. ಬೀಗದಿಂದ ಆಗುವ ಫಲವಿಷ್ಟೆ.

ಇದು ಇಂದಿನ ಕೆಟ್ಟ ಕಾಲದ ಸೃಷ್ಟಿಯೆಂಬ ಮಾತೂ ನಿಲ್ಲತಕ್ಕದ್ದಲ್ಲ. ಹೆಂಡಿರನ್ನು ಕೊಂದು ಕೋಣೆಯಲ್ಲಿ ಬೀಗವಿಕ್ಕಿದ ನೀಲಗಡ್ಡದವನ ಕಥೆಯನ್ನು ಫ್ರಾನ್ಸಿನ ಪೆರೋ 1697ರಲ್ಲಿಯೇ ಅಚ್ಚು ಹಾಕಿಸಿದನು. ಮೃಗರೂಪಿಯಾದ ವರನ ಅರಮನೆಯಲ್ಲಿ ಸೆರೆಯಿರುವ ಸುಂದರಿಯ ಕಥೆ ಅದೇ ದೇಶದಲ್ಲಿ 1740ರಲ್ಲಿ ಹೊರಬಂದಿತು. ಇಂಗ್ಲೆಂಡಿನಲ್ಲಿ ಬ್ರಾಂಟೆ ಸೋದರಿಯರ ‘ಜೇನ್ ಏರ್’, ‘ವುದರಿಂಗ್ ಹೈಟ್ಸ್’ ಎಂಬ ಎರಡು ಕಾದಂಬರಿಗಳೂ 1847ರಲ್ಲಿ ಪ್ರಕಟವಾದುವು. ಅಷ್ಟು ದೂರ ಹೋಗುವುದೇಕೆ? ನಮ್ಮ ಜನ್ನನು 1209ರಲ್ಲಿ ಯಶೋಧರ ಚರಿತೆಯನ್ನು ಬರೆದನು. ಅದರಲ್ಲಿ ರಾಣಿ ಅಮೃತಮತಿಯು ಮಾವುತನೊಬ್ಬನ ಹಾಡಿಗೆ ಸೋತು, ಅವನ ವಿಕಾರರೂಪವನ್ನು ದೂತಿ ವರ್ಣಿಸಿದರೂ ಹಿಂಜರಿಯದೆ, ರಾತ್ರಿಯಲ್ಲಿ ಅವನ ಬಳಿಗೆ ಹೋಗುವಳು. ತಡವಾಯಿತೆಂದು ಅವನು ಹೊಡೆದರೆ ಅವನನ್ನೇ ಬೇಡಿಕೊಳ್ಳುವಳು. ಈ ಕಾವ್ಯವನ್ನು ಪಾಠವಾಗಿ ಹೇಳಿಕೊಡುವ ನಾವು ಘೋರಶೃಂಗಾರವೆಂಬುದನ್ನು ಈಗತಾನೇ ಕಂಡವರಂತೆ ಬೆಚ್ಚಿಬೀಳುವುದು ಹಾಸ್ಯಾಸ್ಪದವಾಗಿದೆ.

ಹಾಗಾದರೆ ಇವು ಓದುಗನನ್ನು ಹಿಡಿದು ನಿಲ್ಲಿಸುವ ಬಗೆ ಹೇಗೆ? ಇದಕ್ಕೆ ಉತ್ತರ ನಮ್ಮ ಅಲಂಕಾರಶಾಸ್ತ್ರದಲ್ಲಿಯೇ ಇದೆ. ಶೃಂಗಾರಕ್ಕೂ ಭಯಾನಕಕ್ಕೂ ವಿರೋಧವೆಂದು ಶಾಸ್ತ್ರಕಾರರ ಮತ. ವಿರುದ್ಧ ರಸಗಳನ್ನು ಒಂದೇ ಪ್ರಬಂಧದಲ್ಲಿ ಸೇರಿಸಬೇಕಾದರೆ ಎರಡರ ನಡುವೆ ಮೂರನೆಯ ರಸವೊಂದನ್ನು ಇರಿಸತಕ್ಕದ್ದೆಂದು ಒಂಬತ್ತನೆಯ ಶತಮಾನದ ಆನಂದವರ್ಧನನು ಉಪಾಯ ಹೇಳಿದನು. ಶ್ರೀಹರ್ಷನ ನಾಗಾನಂದದಲ್ಲಿ ಶಾಂತಕ್ಕೂ ಶೃಂಗಾರಕ್ಕೂ ನಡುವೆ ಅದ್ಭುತವಿರುವುದು ಇದಕ್ಕೆ ನಿದರ್ಶನ. ಘೋರಶೃಂಗಾರದ ಕವಿಗಳೂ ತಿಳಿದೋ ತಿಳಿಯದೆಯೋ ಮಾಡುವುದು ಇದನ್ನೇ. ಜೇನ್ ಏರಳಿರುವ ಮನೆಯ ಮೇಲಂತಸ್ತಿನಲ್ಲಿ ಕೇಳಿಬರುವ ವಿಚಿತ್ರ ನಗು, ಡ್ಯಾಫ್ನಿ ಡು ಮೋರಿಯೇ 1938ರಲ್ಲಿ ಬರೆದ ‘ರೆಬೆಕ್ಕ’ದಲ್ಲಿ ಸತ್ತ ಮೊದಲ ಹೆಂಡತಿಯ ಕೋಣೆಯನ್ನು ಹಾಗೆಯೇ ಕಾದಿರಿಸಿರುವುದು, ಇವು ಅಂಜಿಕೆಯನ್ನು ಕುತೂಹಲವಾಗಿ ಮಾರ್ಪಡಿಸುವುವು. ಅಂಜಿದವಳು ಓಡಿಹೋಗುವಳು, ಅಂಜಿಕೆಯೊಡನೆ ಬೆರಗೂ ಉಳ್ಳವಳು ನಿಂತು ನೋಡುವಳು. ನಾಯಿಕೆಯೊಡನೆ ಓದುವವಳೂ ನಿಲ್ಲುವಳು.

ಎರಡನೆಯ ಕಾರಣವು ಅಭಯ. ಆಟದ ಮೇಳದವರು ಸೀತಾಪಹಾರವನ್ನು ಆಡುವಾಗ ರಾವಣನ ಅಬ್ಬರಕ್ಕೆ ನಾವು ನಡುಗಿದರೂ ಎದ್ದು ಹೋಗುವುದಿಲ್ಲ. ಕಡೆಗೆ ಏನಾಗುವುದೆಂದು ಬಲ್ಲೆವು. ಪ್ರಣಯಕಾದಂಬರಿಗೂ ಹೀಗೆಯೇ ಒಂದು ಕರಾರುಂಟು: ಕಡೆಯ ಪುಟದಲ್ಲಿ ನಾಯಿಕೆಗೆ ಕ್ಷೇಮವೂ ಒಲವೂ ದೊರಕತಕ್ಕವು. ಈಗಿನ ಘೋರಶೃಂಗಾರಗಳ ಮೊದಲಲ್ಲಿ, ಒಳಗೆ ಯಾವ ಯಾವ ಕ್ರೌರ್ಯಗಳ ವರ್ಣನೆಯಿದೆಯೆಂದು ಮುನ್ನೆಚ್ಚರಿಕೆಯ ಪಟ್ಟಿಯನ್ನೂ ಅಚ್ಚುಹಾಕುವರು. ನಾಯಿಕೆಯ ಕೈಯಲ್ಲಿ ಇಲ್ಲದ ಲಗಾಮು ಓದುವವಳ ಕೈಯಲ್ಲಿದೆ. ಬೇಡವೆಂದ ಕ್ಷಣದಲ್ಲಿ ಪುಸ್ತಕವನ್ನು ಮುಚ್ಚಬಹುದು. ಜೊತೆಗೆ ಭಟ್ಟನಾಯಕನು ಹೇಳಿದ ಸಾಧಾರಣೀಕರಣದಿಂದ ಆ ಭಯವು ತನ್ನ ಸ್ವಂತದ ಭಯವೂ ಅಲ್ಲದೆ ಪರರ ಭಯವೂ ಅಲ್ಲದೆ ಆಸ್ವಾದಯೋಗ್ಯವಾಗುವುದು. ಯಾರಿಗೂ ಬಾಗದವನು ಒಬ್ಬಳಿಗೆ ಬಾಗಿದನೆಂಬ ಗೆಲವು ಇದರ ಮೇಲಿನ ಸೊಗಸು. ಆದಕಾರಣ ಇವನ್ನು ಓದಿ ಸಂತೋಷಪಡುವ ಹುಡುಗಿಯು ಏಟನ್ನು ಬಯಸುವವಳೆಂದು ಊಹಿಸುವವರು ರಸದ ಗಂಧವನ್ನೂ ಅರಿಯರು.

ಇಷ್ಟು ಹೇಳಿದೊಡನೆ ಕಿರಿಯರ ಪಕ್ಷದವರು ನಮ್ಮನ್ನು ತಮ್ಮವರೆಂದು ಎಣಿಸಬಾರದು. ಶಾಸ್ತ್ರವು ಇನ್ನೊಂದು ಮಾತನ್ನೂ ಹೇಳಿದೆ. ರಾವಣನಿಗೆ ಸೀತೆಯಲ್ಲಿರುವ ಅನುರಾಗವು ಶೃಂಗಾರವಲ್ಲ, ಶೃಂಗಾರಾಭಾಸ. ಚಿಪ್ಪಿನಲ್ಲಿ ಬೆಳ್ಳಿ ತೋರುವಂತೆ ಅಲ್ಲಿ ರತಿ ತೋರುವುದೆಂದು ಅಭಿನವಗುಪ್ತನು ವಿವರಿಸಿದನು. ಅವನ ಸೂಕ್ಷ್ಮದೃಷ್ಟಿಯನ್ನು ಗಮನಿಸಬೇಕು: ಕೇಳುತ್ತ ತನ್ಮಯವಾಗಿರುವ ಹೊತ್ತಿನಲ್ಲಿ ಅದು ರತಿಯಾಗಿಯೇ ರುಚಿಸುವುದೆಂದು ಅವನು ಒಪ್ಪುವನು, ಆಭಾಸವೆಂಬ ಅರಿವು ಹುಟ್ಟುವುದು ಆಮೇಲಿನ ವಿಮರ್ಶೆಯಲ್ಲಿ. ಹೀಗೆ ಇಂತಹ ಕಥೆಗೆ ಎರಡು ಕ್ಷಣಗಳುಂಟು. ಪೂರ್ವಕ್ಷಣದಲ್ಲಿ ರುಚಿ, ಉತ್ತರಕ್ಷಣದಲ್ಲಿ ವಿವೇಕ. ಮೊದಲನೆಯದರಲ್ಲಿ ಪಾಪವಿಲ್ಲ, ಎರಡನೆಯದು ಬಾರದೆ ಹೋದರೆ ಮಾತ್ರ ಚಿಪ್ಪನ್ನೇ ಬೆಳ್ಳಿಯೆಂದು ಸೆರಗಿನಲ್ಲಿ ಕಟ್ಟಿಕೊಂಡು ಹೋಗುವ ಅನರ್ಥವುಂಟು. ಒಳ್ಳೆಯ ಘೋರಶೃಂಗಾರವು ಉತ್ತರಕ್ಷಣಕ್ಕೆ ತಾನೇ ಬಾಗಿಲು ತೆರೆಯುವುದು. ಕೆಟ್ಟದ್ದು ಆ ಕ್ಷಣ ಬಾರದಂತೆ ತಡೆಯುವುದರಲ್ಲಿಯೇ ತನ್ನ ಜಾಣ್ಮೆಯನ್ನೆಲ್ಲ ವ್ಯಯಮಾಡುವುದು. ಗ್ರಂಥದ ಯೋಗ್ಯತೆಯನ್ನು ಅಳೆಯುವ ಕೋಲು ಇದೇ.

ಎಮಿಲಿ ಬ್ರಾಂಟೆಯ ಹೀತ್‌ಕ್ಲಿಫನನ್ನು ಲೋಕವೆಲ್ಲ ಮಹಾಪ್ರೇಮಿಯೆಂದು ಕೊಂಡಾಡುವುದು. ಅದೇ ಪುಸ್ತಕದಲ್ಲಿ ಇಸಬೆಲ್ಲಳೆಂಬ ಹುಡುಗಿಯು ಅವನನ್ನು ಕಥಾನಾಯಕನೆಂದೇ ಭ್ರಮಿಸಿ ಮನೆ ಬಿಟ್ಟು ಅವನೊಡನೆ ಹೊರಡುವಳು. ಹೊರಡುವ ರಾತ್ರಿಯೇ ಅವನು ಅವಳ ಪುಟ್ಟ ನಾಯಿಗೆ ನೇಣು ಬಿಗಿಯುವನು, ಮುಂದೆ ಅವಳ ಭ್ರಮೆಯನ್ನು ಅವಳ ಮುಂದೆಯೇ ಮೂದಲಿಸುವನು. ಅವಳು ತಪ್ಪಿಸಿಕೊಂಡು ಓಡಿಹೋಗಿ ದೂರದಲ್ಲಿ ಮಗುವನ್ನು ಹೆರುವಳು. ನಾಯಕನಿಗೆ ಮನಸೋತ ಓದುಗಳನ್ನೇ ಕವಿಯು ಇಸಬೆಲ್ಲಳ ರೂಪದಲ್ಲಿ ಕಥೆಯೊಳಗೆ ತಂದು ನಿಲ್ಲಿಸಿದ್ದಾಳೆ. ಷಾರ್ಲಟ್ ಬ್ರಾಂಟೆಯ ಜೇನ್ ಏರಳಾದರೋ ರಾಚೆಸ್ಟರನಿಗೆ ಹೆಂಡತಿಯಿರುವಳೆಂದು ತಿಳಿದೊಡನೆ ಬರಿಗೈಯಲ್ಲಿ ಮನೆ ಬಿಡುವಳು. 20,000 ಪೌಂಡುಗಳ ಆಸ್ತಿ ಬಂದರೆ ಅದನ್ನು ಬಂಧುಗಳೊಡನೆ ನಾಲ್ಕು ಪಾಲು ಮಾಡಿ, ತನ್ನ 5,000ದೊಡನೆ, ಕಣ್ಣನ್ನೂ ಒಂದು ಕೈಯನ್ನೂ ಕಳೆದುಕೊಂಡ ಆ ಗಂಡಸಿನ ಬಳಿಗೆ ತನ್ನ ಇಚ್ಛೆಯಿಂದಲೇ ಮರಳುವಳು. ಬಿಟ್ಟುಹೋಗಬಲ್ಲವಳ ಒಪ್ಪಿಗೆಗೆ ಮಾತ್ರ ಬೆಲೆಯುಂಟೆಂದು ಆ ಕವಿಗೆ ಗೊತ್ತಿತ್ತು. ‘ರೆಬೆಕ್ಕ’ದ ಹೊಸ ಮದುವಣಗಿತ್ತಿಯು ಗಂಡನು ಮೊದಲ ಹೆಂಡತಿಯನ್ನು ಕೊಂದನೆಂದು ಕೇಳಿದಾಗ, ಅವಳನ್ನು ಅವನು ಪ್ರೀತಿಸಿರಲಿಲ್ಲವಲ್ಲ ಎಂದು ಒಳಗೊಳಗೆ ಹಿಗ್ಗುವಳು; ಅವಳೊಡನೆ ನಾವೂ ಹಿಗ್ಗುವೆವು. ಪುಸ್ತಕವನ್ನು ಕೆಳಗಿಟ್ಟ ಮೇಲೆ ನಮ್ಮ ಹಿಗ್ಗಿಗೆ ನಾವೇ ನಾಚುವೆವು. 1940ರ ಚಲಚ್ಚಿತ್ರದಲ್ಲಿ ಆ ಕೊಲೆಯನ್ನು ಆಕಸ್ಮಿಕವೆಂದು ತಿದ್ದಿ ಈ ನಾಚಿಕೆಯನ್ನೇ ಅಳಿಸಿಬಿಟ್ಟರು. ಜನ್ನನು ಏನನ್ನೂ ಅಳಿಸಲಿಲ್ಲ: ದೂತಿಯ ಹೇವರಿಕೆ, ರಾಣಿಯ ಮಾರುತ್ತರ, ಮಾವುತನ ಏಟು, ಕತ್ತಿಯೆತ್ತಿ ತಡೆದ ಅರಸು, ಕಡೆಗೆ ಅತ್ತೆಗೂ ಗಂಡನಿಗೂ ಅವಳಿಕ್ಕಿದ ವಿಷ, ಎಲ್ಲವನ್ನೂ ನಮ್ಮ ಮುಂದಿರಿಸಿದನು.

ಇನ್ನು ಕೆಟ್ಟ ಮಾದರಿಯನ್ನು ನೋಡಿರಿ. ಇ. ಎಂ. ಹಲ್ ಎಂಬಾಕೆ 1919ರಲ್ಲಿ ಪ್ರಕಟಿಸಿದ ‘ದಿ ಶೇಕ್’ನಲ್ಲಿ ಮರುಭೂಮಿಯ ಒಡೆಯನು ಇಂಗ್ಲೀಷು ತರುಣಿಯನ್ನು ಹೊತ್ತೊಯ್ದು ಬಲಾತ್ಕರಿಸುವನು, ಅವಳು ಅವನನ್ನೇ ಪ್ರೀತಿಸತೊಡಗುವಳು. ಓದುಗರಿಗೆ ಮುಜುಗರವಾಗದಿರಲೆಂದು ಕಡೆಯಲ್ಲಿ ಅವನು ಅರಬನೇ ಅಲ್ಲ, ಇಂಗ್ಲೀಷು ಶ್ರೀಮಂತನ ಮಗನೆಂದು ಗುಟ್ಟು ಬಿಚ್ಚುವಳು. ಮಾಡಿದ ಕೃತ್ಯಕ್ಕೆ ವಂಶವು ಪ್ರಾಯಶ್ಚಿತ್ತವಾಗುವುದೆ? 2021ರಲ್ಲಿ ಹೊರಬಂದು ಬಹಳ ಪ್ರಸಿದ್ಧವಾದ ಎಚ್. ಡಿ. ಕಾರ್ಲ್‌ಟನ್ನಳ ‘ಹಾಂಟಿಂಗ್ ಅಡಲೀನ್’ನಲ್ಲಿ ನಾಯಕನು ನಾಯಿಕೆಯ ಬೆನ್ನು ಹತ್ತಿ, ಕದ್ದು ನೋಡಿ, ಅವಳ ಮನೆಯೊಳಗೆ ನುಗ್ಗುವವನು. ಅವನು ಸಾಧುವೆನಿಸಬೇಕಲ್ಲ! ಆದ್ದರಿಂದ ಹೆಣ್ಣುಮಕ್ಕಳನ್ನು ಸಾಗಿಸಿ ಮಾರುವ ಪಾಪಿಗಳನ್ನು ಬೇಟೆಯಾಡುವ ಕೆಲಸವನ್ನು ಅವನಿಗೆ ಕೊಟ್ಟಿದೆ. ಪಕ್ಕದಲ್ಲಿ ರಾಕ್ಷಸನನ್ನು ನಿಲ್ಲಿಸಿ ಕಳ್ಳನಿಗೆ ಹಾರ ಹಾಕುವ ಈ ತಂತ್ರವು ಉತ್ತರಕ್ಷಣವನ್ನು ತಡೆಯುವ ಬೇಲಿಯಲ್ಲದೆ ಮತ್ತೇನೂ ಅಲ್ಲ.

‘ಕಥೆ ಕಥೆಯೇ’ ಎನ್ನುವವರಿಗೆ ಇನ್ನೊಂದು ಮಾತು. ಕಾದಂಬರಿಯಲ್ಲಿ ಕಡೆಯ ಪುಟದ ಅಭಯವುಂಟು, ಬೀದಿಯಲ್ಲಿಲ್ಲ. ಒಲ್ಲೆನೆಂದ ಹೆಣ್ಣಿನ ಬೆನ್ನು ಬೀಳುವುದು 2013ರ ತಿದ್ದುಪಡಿಯಿಂದ ನಮ್ಮ ದೇಶದಲ್ಲಿ ದಂಡಾರ್ಹ ಅಪರಾಧವಾಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 78ನೆಯ ಕಲಮು. ಮೊದಲ ಸಲಕ್ಕೆ ಮೂರು ವರ್ಷಗಳವರೆಗೆ, ಮತ್ತೆ ಮಾಡಿದರೆ ಐದು ವರ್ಷಗಳವರೆಗೆ ಸೆರೆವಾಸ. ಶಾಸನವು ಅಪರಾಧವೆಂದದ್ದನ್ನು ಕಥೆಯು ವರ್ಣಿಸಬಾರದೆಂದು ನಾವು ಹೇಳುವುದಿಲ್ಲ. ವರ್ಣಿಸಿದ ಮೇಲೆ ವಿಚಾರ ಮಾಡಬೇಡಿರೆನ್ನುವ ಹಕ್ಕು ಯಾರಿಗೂ ಇಲ್ಲವೆನ್ನುತ್ತೇವೆ.

ಬೀಗ ಹಾಕುವ ಹಿರಿಯರು ಮಾಡುವುದಾದರೂ ಏನು? ಬಚ್ಚಿಟ್ಟುಕೊಂಡು ಓದಿದ ಪುಸ್ತಕವನ್ನು ಕುರಿತು ಯಾರೊಡನೆಯೂ ಮಾತಾಡುವಂತಿಲ್ಲ. ಮಾತಿಲ್ಲದೆಡೆಯಲ್ಲಿ ವಿಮರ್ಶೆ ಹುಟ್ಟದು. ವಿಚಾರವೇ ಬೇಡವೆನ್ನುವ ಕಿರಿಯರ ಹಾಗೆ, ಹೆದರಿಸಿ ಬಾಯಿ ಮುಚ್ಚಿಸುವ ಹಿರಿಯರೂ ಉತ್ತರಕ್ಷಣವನ್ನೇ ಕೊಲ್ಲುತ್ತಿದ್ದಾರೆ. ಕೆಟ್ಟ ಕವಿಗೆ ಇವರಿಬ್ಬರಿಗಿಂತ ಹಿತವಾದ ಸಹಾಯಕರು ಸಿಕ್ಕಲಾರರು.

ಇದಕ್ಕಿಂತ ಕಠಿಣವಾದ ಮಾತೊಂದನ್ನು ಹೇಳಲೇಬೇಕಾಗಿದೆ. ಸಹಿಸಿಕೊಂಡಿದ್ದರೆ ಕ್ರೂರಿಯೂ ಕಡೆಗೆ ಒಲಿಯುವನೆಂಬುದೇ ಕೆಟ್ಟ ಘೋರಶೃಂಗಾರದ ಸಾರ. ಮೈಮೇಲೆ ಬಾಸುಂಡೆ ಹೊತ್ತು ತವರಿಗೆ ಬಂದ ಮಗಳಿಗೆ ‘ಹೊಂದಿಕೊಂಡು ಹೋಗಮ್ಮ, ಗಂಡಸಿನ ಮನಸ್ಸು ಇಂದಲ್ಲ ನಾಳೆ ತಿರುಗುತ್ತೆ’ ಎಂದು ಬುದ್ಧಿ ಹೇಳಿ ಮರುದಿನದ ಬಸ್ಸಿಗೆ ಹತ್ತಿಸುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ? ಅದೇ ಉಪದೇಶವನ್ನು ಇಂಗ್ಲೀಷಿನ ಕಾದಂಬರಿಕಾರಳು ಬಣ್ಣದ ರಟ್ಟು ಹಾಕಿ ಮಾರಿದರೆ ಈ ಮನೆಗಳಿಗೆ ಅಸಹ್ಯವಾಗುವುದು! ಪುಸ್ತಕದ ನಾಯಿಕೆಗೆ ಕವಿಯ ಅಭಯವಾದರೂ ಉಂಟು; ಈ ಮಗಳಿಗೆ ಅಭಯ ಕೊಡತಕ್ಕವರು ತಂದೆತಾಯಿಗಳು. ಅವರೇ ಕೈಬಿಟ್ಟ ಮೇಲೆ ಕಾದಂಬರಿಯ ಮೇಲೆ ತಪ್ಪು ಹೊರಿಸುವುದು ಯಾವ ನ್ಯಾಯ?

ಆದಕಾರಣ ನಮ್ಮ ಸೂಚನೆಯಿಷ್ಟೆ. ಮನೆಯಲ್ಲಿ ಮಗಳು ಓದುವ ಪುಸ್ತಕವನ್ನು ತಾಯಿತಂದೆಗಳೂ ಓದಲಿ. ನಮ್ಮ ಸಂಘದ ವಾಚನಾಲಯವೂ ಜನ್ನನನ್ನೂ ಬ್ರಾಂಟೆಯರನ್ನೂ ಈ ಹೊಸ ಕಾದಂಬರಿಗಳ ಪಕ್ಕದಲ್ಲಿರಿಸಿ, ತಿಂಗಳಿಗೊಂದು ಸಂಜೆ ಹೆಂಗಸರೂ ಗಂಡಸರೂ ಕೂಡಿ ಚರ್ಚಿಸುವಂತೆ ಏರ್ಪಡಿಸಲಿ. ಓದಿದ ಮೇಲೆ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳತಕ್ಕದ್ದು. ನಾಯಿಕೆಯು ಒಲ್ಲೆನೆಂದಾಗ ಆ ಮಾತು ಕವಿಯ ಕಿವಿಗೆ ಬಿದ್ದಿತೆ? ಒಪ್ಪುವುದಕ್ಕೆ ಮುಂಚೆ ಬಿಟ್ಟುಹೋಗುವ ದಾರಿ ಅವಳಿಗಿತ್ತೆ? ನಾಯಕನು ಒಳ್ಳೆಯವನೆನಿಸಿದ್ದು ತನ್ನ ಗುಣದಿಂದಲೋ, ಪಕ್ಕದಲ್ಲಿ ನಿಲ್ಲಿಸಿದ ರಾಕ್ಷಸನಿಂದಲೋ? ಇವನ್ನು ಕಾದಂಬರಿಗೆ ಹಾಕಲು ಕಲಿತ ಹುಡುಗಿಯು ನಾಳೆ ತನ್ನನ್ನು ನೋಡಲು ಬರುವ ವರನಿಗೂ ಹಾಕುವಳು. ಅದು ಆಗಲೆಂದೇ ನಮ್ಮ ಅಪೇಕ್ಷೆ.