ಜರಿಗಿಡಕ್ಕೆ ಬಾವಿಯೇ ಗುರು

ಬೀದರ್ ಬಳಿಯ ಕೊಳಾರದಂಥ ಬಿಸಿಲೂರಿನಲ್ಲಿ ಜರಿಗಿಡ ಬೆಳೆಸುವ ಮಾತೆತ್ತಿದರೆ, ಅದು ಮಲೆನಾಡಿನವರ ಪಾಲಿನದು ಎನ್ನುವವರೇ ಹೆಚ್ಚು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಸೀಮೆ ನಮ್ಮದು, ನಿಜ. ಆದರೆ ಇಲ್ಲಿನ ಹಳೆಯ ಬಾವಿಗಳೊಳಗೆ ಬಗ್ಗಿ ನೋಡಬೇಕು. ನೀರು ಜಿನುಗುವ ಕಲ್ಲುಸಂದಿಯಲ್ಲಿ ಕೂದಲೆಳೆಯಂಥ ಕರಿ ಕಡ್ಡಿ, ಅದರ ತುಂಬ ಅಂಚು ಸೀಳಿದ ಪುಟ್ಟ ಎಲೆ. ಇದು ಅಡಿಯಾಂಟಮ್ ಜಾತಿಯ ಜರಿಗಿಡ. ಯುನಾನಿ ಹಕೀಮರು ಕೆಮ್ಮಿನ ಔಷಧಕ್ಕೆ ಬಳಸುವ ಪರ್ಸಿಯಾವುಶಾನ್ ಇದೇ ಕುಲದ್ದು. ಪಸೆ ಆರದಿದ್ದರೆ ವರ್ಷವಿಡೀ ಹಸಿರು.

ಈ ಪಸೆಯ ಮೂಲ ನಮ್ಮ ನೆಲದಲ್ಲೇ ಇದೆ. ಬೀದರ್ ಪ್ರಸ್ಥಭೂಮಿಯ ಮೇಲ್ಪದರ ತೂತುತೂತಾದ ಜಂಬಿಟ್ಟಿಗೆ ಕಲ್ಲು, ಅದರಡಿ ಗಟ್ಟಿಯಾದ ಕಪ್ಪು ಶಿಲೆ. ಮೇಲೆ ಇಂಗಿದ ಮಳೆನೀರು ಕೆಳಗಿಳಿಯಲು ದಾರಿ ಸಿಗದೆ ಅಡ್ಡಕ್ಕೆ ಹರಿದು ಝರಿಯಾಗುತ್ತದೆ. ಬಹಮನಿ ಕಾಲದಲ್ಲಿ ಇಲ್ಲಿನ ನೌಬಾದ್‌ನಲ್ಲಿ ಕರೇಜ್ ಎಂಬ ನೀರಿನ ಸುರಂಗ ತೋಡಿದವರು ಈ ಗುಣವನ್ನು ಬಲ್ಲವರಾಗಿದ್ದರು. ನೆಲದಡಿಯಲ್ಲೇ ಹರಿಸಿದ ನೀರು ಬಿಸಿಲಿಗೆ ಆರುವುದಿಲ್ಲ.

ಬಾವಿಯಲ್ಲಿ ಗಿಡಕ್ಕೆ ಸಿಗುವುದೇನು? ತೆಳು ಬೆಳಕು, ಬಿಸಿಗಾಳಿಯಿಂದ ಮರೆ, ನಿಲ್ಲದೆ ಜಿನುಗುವ ನೀರು, ಗಾರೆಯ ಸುಣ್ಣ. ಮನೆಯಲ್ಲೂ ಇಷ್ಟನ್ನೇ ಕೊಡಿ. ಕುಂಡವನ್ನು ಉತ್ತರದ ಗೋಡೆಯ ಬದಿಗೆ ಇಡಿ. ಎಲೆಗೊಬ್ಬರ, ತೆಂಗಿನನಾರಿನ ಪುಡಿ, ಮರಳು ಬೆರೆಸಿದ ಸಡಿಲ ಮಣ್ಣಿಗೆ ಹಳೆ ಗಾರೆಯ ಪುಡಿ ಒಂದು ಹಿಡಿ ಸಾಕು. ಬುಡದ ಚಿಗುರುಗಡ್ಡೆ ಹೂತುಹೋಗದಂತೆ ನೆಡಿ. ಉರುಟುಗಲ್ಲು ಹರಡಿದ ತಟ್ಟೆಯಲ್ಲಿ ನೀರು ತುಂಬಿ, ಕುಂಡದ ತಳ ನೀರಿಗೆ ತಾಗದಂತೆ ಮೇಲಿಡಿ. ಸುತ್ತಲ ಗಾಳಿಗೆ ತೇವ ಬರುತ್ತದೆ. ಮಣ್ಣು ಒಮ್ಮೆ ಪೂರ್ತಿ ಒಣಗಿದರೂ ಎಲೆಗಳು ಮುರುಟುತ್ತವೆ. ಆಗ ಗಿಡ ಕಿತ್ತೆಸೆಯಬೇಡಿ. ಒಣಗಿದ್ದನ್ನು ಬುಡದವರೆಗೆ ಕತ್ತರಿಸಿ ನೀರುಣಿಸಿದರೆ ಸಾಮಾನ್ಯವಾಗಿ ಮತ್ತೆ ಚಿಗುರುತ್ತದೆ.

ಮಣ್ಣಿನ ಮೇಲೆ ಬಿಳಿ ಉಪ್ಪು ಕಟ್ಟಿದರೆ ಬೋರ್‌ವೆಲ್ ನೀರು ಬಿಟ್ಟು ಮಳೆನೀರು ಹಾಕಿ. ಎಲೆಯಂಚಿನ ಹಿಂಬದಿ ಕಾಣುವ ಕಂದು ಗೆರೆಗಳನ್ನು ರೋಗವೆಂದು ತಿಳಿದು ಔಷಧ ಹೊಡೆಯುವವರಿದ್ದಾರೆ. ಅವು ಗಿಡದ ಬೀಜಕಣಗಳ ಗೂಡು. ಹೂವಿಲ್ಲದ ಈ ಕುಲ ಕೋಟ್ಯಂತರ ವರ್ಷಗಳಿಂದ ಮುಂದುವರಿದಿರುವುದು ಅವುಗಳಿಂದಲೇ.

ಗಿಡವನ್ನು ನರ್ಸರಿಯಿಂದ ತನ್ನಿ, ಬಾವಿಗೋಡೆಯಿಂದ ಕೀಳಬೇಡಿ. ನಿಮ್ಮೂರಿನ ಹಳೆಬಾವಿಗೆ ಕಸ ಸುರಿಯಲು, ಮಣ್ಣು ತುಂಬಲು ಬಿಡಬೇಡಿ. ಮಳೆಗಾಲಕ್ಕೆ ಮುಂಚೆ ಅದರ ಹೂಳು ತೆಗೆಸಿ. ಬಾವಿ ಉಳಿದರೆ ನೀರೂ ಉಳಿಯುತ್ತದೆ, ಅದನ್ನು ನಂಬಿದ ಹಸಿರೂ ಉಳಿಯುತ್ತದೆ.